ಎಂಟನೇ ಕ್ಲಾಸಿನ ಮಗಳನ್ನು ಆನ್‌ಲೈನ್ ಗಣಿತ ಸ್ಪರ್ಧೆಗೆ ಸೇರಿಸಬಹುದಾ? (ಕನ್ನಡ ಮಾಧ್ಯಮ, ದಾವಣಗೆರೆ)

ಮಗಳಿಗೆ ಗಣಿತ ಅಂದ್ರೆ ಇಷ್ಟ, ಆದರೆ ಸ್ಪರ್ಧೆ ಇಂಗ್ಲಿಷಿನಲ್ಲಿ ಇರುತ್ತದೆ, ಕಡಿಮೆ ಅಂಕ ಬಂದರೆ ಇರುವ ಆಸಕ್ತಿಯೂ ಹೋಗುತ್ತದೇನೋ ಅಂತ ಕೇಳಿದ್ದೀರಿ. ಸೇರಿಸಿ. ಆದರೆ ಒಬ್ಬಳನ್ನೇ ಸೇರಿಸಬೇಡಿ, ಗೆಳತಿಯರ ಜೊತೆ ಸೇರಿಸಿ.

ನಾನು ಮಾಯಕೊಂಡದ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ನಮ್ಮ ಮಕ್ಕಳದ್ದೂ ಕನ್ನಡ ಮಾಧ್ಯಮವೇ. ಮನೆಯಲ್ಲಿ ಮೆಕ್ಕೆಜೋಳ, ಹತ್ತಿ ಬೆಳೆಯುವವರು ಜಾಸ್ತಿ. ಅವರಲ್ಲಿ ಆರು ಜನರನ್ನು ಪರ್ಪಲ್ ಕಾಮೆಟ್ ಅನ್ನುವ ಸ್ಪರ್ಧೆಗೆ ಕೂರಿಸಿದ್ದೆ. ಇದು 2003ರಿಂದ ಪ್ರತಿ ವರ್ಷ ಆನ್‌ಲೈನಿನಲ್ಲಿ ನಡೆಯುತ್ತಿದೆ. ಶುಲ್ಕ ಇಲ್ಲ. ಒಂದು ತಂಡದಲ್ಲಿ ಆರು ಮಕ್ಕಳವರೆಗೆ ಇರಬಹುದು. ಎಂಟನೇ ತರಗತಿವರೆಗಿನವರಿಗೆ 60 ನಿಮಿಷದಲ್ಲಿ 20 ಪ್ರಶ್ನೆ. ದೊಡ್ಡವರ ವಿಭಾಗದಲ್ಲಿ 90 ನಿಮಿಷಕ್ಕೆ 30. ಆಯ್ಕೆಯ ಉತ್ತರಗಳು ಇರುವುದಿಲ್ಲ, ಎಲ್ಲದಕ್ಕೂ ಒಂದು ಪೂರ್ಣಸಂಖ್ಯೆಯನ್ನೇ ಬರೆಯಬೇಕು. ಹಾಗಾಗಿ ಕಣ್ಣು ಮುಚ್ಚಿ ಬಿ ಅಂತ ಗುರುತು ಹಾಕಿ ಬರುವ ದಾರಿ ಇಲ್ಲ.

ಗೆಳತಿಯರ ಜೊತೆ ಅಂತ ಯಾಕೆ ಹೇಳಿದೆ ಅಂದ್ರೆ, ತಯಾರಿಯಲ್ಲಿ ನಾನು ಕಂಡ ಒಂದು ಶನಿವಾರದಿಂದ. ಬೆಳಗಿನ ಶಾಲೆ ಮುಗಿದಿತ್ತು. ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದೆ. 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳನ್ನು ಗುಣಿಸಿದರೆ ಉತ್ತರದ ಕೊನೆಯಲ್ಲಿ ಎಷ್ಟು ಸೊನ್ನೆ ಬರುತ್ತವೆ?

ಒಬ್ಬ ಹುಡುಗ ತಕ್ಷಣ 11 ಅಂದ. ಹತ್ತು, ಇಪ್ಪತ್ತು, ಹೀಗೆ ತೊಂಬತ್ತರವರೆಗೆ ಒಂದೊಂದು ಸೊನ್ನೆ, ನೂರಕ್ಕೆ ಎರಡು. ಸರಿ ಅನ್ನಿಸುತ್ತದೆ ಅಲ್ವಾ? ಪಕ್ಕದ ಹುಡುಗಿ ಒಪ್ಪಲಿಲ್ಲ. "ಐದನ್ನ ಎರಡರಿಂದ ಗುಣಿಸಿದ್ರೂ ಸೊನ್ನೆ ಬರುತ್ತಲ್ಲೋ" ಅಂದಳು. ಎರಡುಗಳು ಬೇಕಾದಷ್ಟಿವೆ, ಐದುಗಳನ್ನು ಎಣಿಸಿದರೆ ಸಾಕು, ಐದರ ಮಗ್ಗಿಯಲ್ಲಿ ನೂರರೊಳಗೆ 20 ಬರುತ್ತವೆ, ಹಾಗಾಗಿ 20 ಸೊನ್ನೆ ಅನ್ನುವುದು ಅವಳ ವಾದ. ಎಲ್ಲರೂ ಹೌದು ಹೌದು ಅಂದರು. ಅಷ್ಟರಲ್ಲಿ ಕೊನೆಯ ಬೆಂಚಿನಲ್ಲಿದ್ದ ಹುಡುಗಿ, ಕ್ಲಾಸಿನಲ್ಲಿ ಬಾಯೇ ಬಿಡದವಳು, ಎದ್ದು ಬಂದು ಬೋರ್ಡಿನ ಮೇಲೆ 25 = 5 × 5 ಅಂತ ಬರೆದಳು. ಇಪ್ಪತ್ತೈದರಲ್ಲಿ ಎರಡು ಐದಿವೆ. 50, 75, 100ರಲ್ಲೂ ಅಷ್ಟೆ. ನಾಲ್ಕು ಜಾಸ್ತಿ ಸೇರಿಸಬೇಕು. ಉತ್ತರ 24.

ನಾನು ಒಂದು ಮಾತೂ ಆಡಿರಲಿಲ್ಲ. ನಾನು ಹೇಳಿಕೊಟ್ಟಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು, ಸೋಮವಾರಕ್ಕೆ ಮರೆತೂ ಹೋಗುತ್ತಿತ್ತು. ಈಗ ಆ ಮೂರೂ ಮಕ್ಕಳು ಯಾವ ಲೆಕ್ಕ ಬಂದರೂ "ಇಪ್ಪತ್ತೈದು ಬಿಟ್ಟಿಲ್ಲ ತಾನೆ?" ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.

ಇನ್ನು ಇಂಗ್ಲಿಷ್. ನೀವು ಅಂದುಕೊಂಡಷ್ಟು ದೊಡ್ಡ ಗೋಡೆ ಅದಲ್ಲ. ಗಣಿತದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು ಕಡಿಮೆ. ಒಂದು ನೋಟ್‌ಬುಕ್ ಮಾಡಿಸಿ. ರಿಮೇಂಡರ್ ಅಂದ್ರೆ ಶೇಷ, ಪೆರಿಮೀಟರ್ ಅಂದ್ರೆ ಸುತ್ತಳತೆ, ಇಂಟಿಜರ್ ಅಂದ್ರೆ ಪೂರ್ಣಾಂಕ, ಹೀಗೆ. ನಮ್ಮ ಮಕ್ಕಳನ್ನು ನಿಜವಾಗಿ ಕಾಡಿದ್ದು ಚಿಕ್ಕ ಪದಗಳು. ಅಟ್ ಲೀಸ್ಟ್ (ಕನಿಷ್ಠ), ಅಟ್ ಮೋಸ್ಟ್ (ಗರಿಷ್ಠ) ಎರಡೂ ಅದಲು ಬದಲಾದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ.

ಒಂದು ವಾಕ್ಯವನ್ನಂತೂ ಮೊದಲೇ ಕಲಿಸಿಬಿಡಿ. ಉತ್ತರ ಭಿನ್ನರಾಶಿಯಾಗಿ ಬಂದರೆ, ಅದನ್ನು ಎಂ ಬೈ ಎನ್ ಅಂತ ಬರೆದು, ಎಂ ಮತ್ತು ಎನ್‌ಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದಂತೆ ಸಂಕ್ಷೇಪಿಸಿ, ಅವೆರಡರ ಮೊತ್ತ ಕೊಡಿ ಅಂತ ಕೇಳುತ್ತಾರೆ. ಸ್ಪರ್ಧೆಯ ದಿನ ನಮ್ಮವರು ಒಂದು ಲೆಕ್ಕಕ್ಕೆ 3/8 ಅಂತ ಸರಿಯಾಗಿಯೇ ಕಂಡುಹಿಡಿದರು. ಕೊಡಬೇಕಿದ್ದದ್ದು 11. ಅವರು ಪ್ರಶ್ನೆಯ ಕೊನೆಯ ಸಾಲನ್ನು ಸರಿಯಾಗಿ ಓದದೆ 38 ಅಂತ ತುಂಬಿದರು. ಹಿಂದೆ ಕೂತಿದ್ದ ನನಗೆ ಕಾಣುತ್ತಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಮೇಲ್ವಿಚಾರಕರು ಸಹಾಯ ಮಾಡುವ ಹಾಗಿಲ್ಲ. ಆ ಲೆಕ್ಕ ಮಾಡಿದ್ದ ಹುಡುಗಿ ಆಮೇಲೆ ಅತ್ತುಬಿಟ್ಟಳು. ನನಗೂ ಸಂಕಟವಾಯಿತು. ಆದರೂ ಸುಮ್ಮನಿದ್ದದ್ದು ಸರಿ ಅಂತಲೇ ಇವತ್ತಿಗೂ ನಂಬಿದ್ದೇನೆ. ಆನ್‌ಲೈನ್ ಸ್ಪರ್ಧೆಯಲ್ಲಿ ಕಾವಲಿಗೆ ಹೊರಗಿನವರು ಬರುವುದಿಲ್ಲ. ಮೊಬೈಲು ಕೈಯಲ್ಲೇ ಇರುತ್ತದೆ. ಅಲ್ಲಿ ದೊಡ್ಡವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ಮಕ್ಕಳು ನೋಡುತ್ತಿರುತ್ತಾರೆ.

20ರಲ್ಲಿ 7 ಸರಿಯಾದವು. ಬೇಸರ ಮಾಡಿಕೊಂಡರಾ ಅಂದ್ರೆ, ಒಂದು ದಿನ ಮಾಡಿಕೊಂಡರು. ಮರುದಿನ ಬಿಟ್ಟ ಲೆಕ್ಕಗಳನ್ನು ಹಿಡಿದು ಕೂತರು. ಹಳೆಯ ಪ್ರಶ್ನೆಪತ್ರಿಕೆ ಮತ್ತು ಉತ್ತರಗಳು ಅವರ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತವೆ, ತಯಾರಿಗೆ ಅಷ್ಟು ಸಾಕು. ಇದಕ್ಕಾಗಿ ಕೋಚಿಂಗಿಗೆ ದುಡ್ಡು ಸುರಿಯಬೇಡಿ. ವಾರಕ್ಕೆ ಎರಡೇ ಲೆಕ್ಕ ಮಾಡಿದರೂ ಪರವಾಗಿಲ್ಲ, ಜಗಳ ಆಡಿಕೊಂಡು ಮಾಡಬೇಕು.

ಹಾಂ, ಸ್ಪರ್ಧೆ ಏಪ್ರಿಲ್‌ನಲ್ಲಿ ಬರುತ್ತದೆ. ನಮಗೆ ಬೇಸಿಗೆ ರಜೆ, ಮಕ್ಕಳು ಅಜ್ಜಿ ಊರಿಗೆ ಹೊರಟುಬಿಡುತ್ತಾರೆ. ದಿನ ಮೊದಲೇ ಗೊತ್ತು ಮಾಡಿಕೊಳ್ಳಿ. ಕರೆಂಟ್ ನಂಬಬೇಡಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಜೊತೆಗೆ ಎರಡು ಬೇರೆ ಬೇರೆ ಸಿಮ್ಮಿನ ಮೊಬೈಲ್ ಇಟ್ಟುಕೊಳ್ಳಿ.

ಮುಂದೆ ಅವಳಿಗೆ ರುಚಿ ಹತ್ತಿದರೆ ಐಒಕ್ಯೂಎಂ, ಅಂದ್ರೆ ನಮ್ಮ ದೇಶದ ಗಣಿತ ಒಲಿಂಪಿಯಾಡ್ ಅರ್ಹತಾ ಪರೀಕ್ಷೆ, ಬರೆಸಿ. ಅದು ಆನ್‌ಲೈನ್ ಅಲ್ಲ, ಕೇಂದ್ರಕ್ಕೆ ಹೋಗಿ ಮೂರು ಗಂಟೆಯಲ್ಲಿ 30 ಪ್ರಶ್ನೆ ಬಿಡಿಸಬೇಕು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ನಮ್ಮ ದೇಶದಲ್ಲಿ ಅದೇ ಮೊದಲ ಮೆಟ್ಟಿಲು. ಒಲಿಂಪಿಯಾಡ್ ಅಂದ ಕೂಡಲೇ ಹೆದರಬೇಡಿ. 1959ರ ಮೊಟ್ಟಮೊದಲ ಒಲಿಂಪಿಯಾಡಿನ ಮೊದಲ ಪ್ರಶ್ನೆ ಏನು ಗೊತ್ತಾ? n ಜಾಗದಲ್ಲಿ ಯಾವ ಸ್ವಾಭಾವಿಕ ಸಂಖ್ಯೆ ಹಾಕಿದರೂ (21n + 4)/(14n + 3) ಅನ್ನುವ ಭಿನ್ನರಾಶಿಯನ್ನು ಇನ್ನೂ ಚಿಕ್ಕದು ಮಾಡಲು ಆಗುವುದಿಲ್ಲ ಅಂತ ತೋರಿಸಬೇಕು. ಕೆಳಗಿನದರ ಮೂರು ಪಟ್ಟಿನಿಂದ ಮೇಲಿನದರ ಎರಡು ಪಟ್ಟು ಕಳೆಯಿರಿ. 42n ಎರಡರಲ್ಲೂ ಇರುವುದರಿಂದ ಹೊಡೆದುಹೋಗುತ್ತದೆ, 9ರಲ್ಲಿ 8 ಹೋಗಿ 1 ಉಳಿಯುತ್ತದೆ. ಎರಡಕ್ಕೂ ಸಾಮಾನ್ಯ ಅಪವರ್ತನ ಇದ್ದರೆ ಅದು 1ನ್ನೂ ಭಾಗಿಸಬೇಕು, ಅಂದ್ರೆ ಮ.ಸಾ.ಅ. 1. ಇದನ್ನು ನಮ್ಮ ಶಾಲೆಯಲ್ಲಿ ಬಿಡಿಸಿದ್ದು ಅದೇ 3/8ರ ಹುಡುಗಿ. ಈಗ ಹತ್ತನೇ ತರಗತಿ.

ನೋಂದಣಿಗೆ ಒಬ್ಬ ದೊಡ್ಡವರು ಮೇಲ್ವಿಚಾರಕರಾಗಿ ಬೇಕು, ಮಗಳ ಗಣಿತ ಮೇಷ್ಟ್ರನ್ನು ಕೇಳಿ ನೋಡಿ. ಜೊತೆಯ ಮಕ್ಕಳು ಸಿಗದಿದ್ದರೆ ನನಗೊಂದು ಸಂದೇಶ ಕಳಿಸಿ. ಶನಿವಾರ ಮಧ್ಯಾಹ್ನ ನಾವು ಕೂರುತ್ತೇವೆ, ಅವಳೂ ಬಂದು ವಾದ ಮಾಡಲಿ. ದಾವಣಗೆರೆಯಿಂದ ಬಸ್ಸಿದೆ.