ಓದುಗರ ಪ್ರಶ್ನೆ: ಇಥಿಯೋಪಿಯಾದ ವಿಶ್ವವಿದ್ಯಾಲಯಗಳು ಮತ್ತು ಗುಣಮಟ್ಟದ ನಿಯಂತ್ರಣ

ಪ್ರಶ್ನೆ: ಇಥಿಯೋಪಿಯಾದಲ್ಲಿ 2022ರ 12ನೇ ತರಗತಿಯ ಪರೀಕ್ಷೆ ಬರೆದ ಸುಮಾರು 9 ಲಕ್ಷ ವಿದ್ಯಾರ್ಥಿಗಳಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಬೇಕಾದ ಶೇ 50ರಷ್ಟು ಅಂಕ ಪಡೆದವರು ಶೇ 3ರ ಆಸುಪಾಸಿನಲ್ಲಿದ್ದರು ಎಂದು ಓದಿದೆ. ಪರೀಕ್ಷೆಯನ್ನು ಇಷ್ಟು ಬಿಗಿಗೊಳಿಸಿದರೆ ಅಲ್ಲಿನ ಉನ್ನತ ಶಿಕ್ಷಣ ಸುಧಾರಿಸುವುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪ್ರಶ್ನೆಪತ್ರಿಕೆ ಸೋರಿಕೆ ಮತ್ತು ನಕಲನ್ನು ತಡೆಯಲು ಆ ವರ್ಷ ವಿದ್ಯಾರ್ಥಿಗಳನ್ನು ವಿಶ್ವವಿದ್ಯಾಲಯಗಳ ಆವರಣಕ್ಕೇ ಕರೆತಂದು ಪರೀಕ್ಷೆ ಬರೆಸಲಾಯಿತು. ಬಹುಕಾಲದಿಂದ ಮುಚ್ಚಿಹೋಗಿದ್ದ ಶಾಲಾ ಶಿಕ್ಷಣದ ದುಃಸ್ಥಿತಿ ಇದರಿಂದ ಬಯಲಾಯಿತು. ಆ ಕ್ರಮ ಅಗತ್ಯವಾಗಿತ್ತು ಎಂದೇ ನಾನು ಭಾವಿಸುತ್ತೇನೆ. ಆದರೆ ಕಾಲೇಜಿನ ತರಗತಿಯೊಳಗೆ ನಡೆಯುವ ಪಾಠವನ್ನು ಪ್ರವೇಶ ಪರೀಕ್ಷೆಯೊಂದೇ ಬದಲಿಸಲಾರದು.

ಸಮಸ್ಯೆಯ ಬೇರು ವಿಸ್ತರಣೆಯ ವೇಗದಲ್ಲಿದೆ. 1991ರಲ್ಲಿ ಆ ದೇಶದಲ್ಲಿ ಆಡಿಸ್ ಅಬಾಬ ಮತ್ತು ಅಲೆಮಾಯ (ಈಗಿನ ಹರಮಾಯ) ಎಂಬ ಎರಡು ವಿಶ್ವವಿದ್ಯಾಲಯಗಳಷ್ಟೇ ಇದ್ದವು. ಇಂದು ಸರ್ಕಾರಿ ವಿಶ್ವವಿದ್ಯಾಲಯಗಳೇ 40ಕ್ಕೂ ಹೆಚ್ಚಿವೆ. ದೂರದ ಪ್ರದೇಶಗಳ ಬಡ ಮಕ್ಕಳಿಗೆ ಇದರಿಂದ ಬಾಗಿಲು ತೆರೆಯಿತೆಂಬುದು ಸಣ್ಣ ಸಂಗತಿಯಲ್ಲ. ಆದರೆ ಕಟ್ಟಡಗಳು ಎದ್ದಷ್ಟು ಬೇಗ ಅಧ್ಯಾಪಕರು ಸಿದ್ಧರಾಗಲಿಲ್ಲ. ಆಗತಾನೇ ಪದವಿ ಮುಗಿಸಿದವರನ್ನೇ ಬೋಧನೆಗೆ ನೇಮಿಸಿಕೊಳ್ಳಬೇಕಾಯಿತು. ಪ್ರವೇಶದಲ್ಲಿ ಶೇ 70ರಷ್ಟು ಪಾಲು ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆ ಮೀಸಲಾಗಬೇಕೆಂದು 2008ರಲ್ಲಿ ಜಾರಿಗೆ ಬಂದ ನೀತಿಯು, ಪ್ರಯೋಗಾಲಯಗಳು ಇನ್ನೂ ಸಜ್ಜಾಗಿರದ ಹೊಸ ಸಂಸ್ಥೆಗಳ ಮೇಲೆ ಹೊರಲಾರದ ಭಾರ ಹೊರಿಸಿತು.

ನಿಯಂತ್ರಣವೇ ಇರಲಿಲ್ಲವೆಂದಲ್ಲ. 2003ರಲ್ಲಿಯೇ ಗುಣಮಟ್ಟ ಪರಿಶೀಲನೆಗೆ ರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪನೆಯಾಯಿತು. ಆದರೆ ಅದರ ಮಾನ್ಯತೆಯಿಲ್ಲದೆ ಖಾಸಗಿ ಕಾಲೇಜುಗಳು ಕೋರ್ಸ್ ನಡೆಸುವಂತಿರಲಿಲ್ಲ, ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಮಾತ್ರ ಅಂಥ ಮಾನ್ಯತೆಯ ಕಟ್ಟುಪಾಡು ಬಹುಕಾಲ ಇರಲಿಲ್ಲ. ಬಹುಪಾಲು ವಿದ್ಯಾರ್ಥಿಗಳು ಓದುವ ಕಡೆಯೇ ಹಿಡಿತ ಸಡಿಲವಾಗಿದ್ದುದು ದೊಡ್ಡ ದೋಷವೆಂದು ನನಗೆ ತೋರುತ್ತದೆ. 2023ರಿಂದ ಪದವಿಯ ಕೊನೆಯಲ್ಲಿ ಎಲ್ಲರೂ ರಾಷ್ಟ್ರೀಯ ನಿರ್ಗಮನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮ ಬಂದಿದೆ. ಅದರಲ್ಲಿ ಖಾಸಗಿ ಕಾಲೇಜುಗಳ ಫಲಿತಾಂಶ ಸರ್ಕಾರಿ ಸಂಸ್ಥೆಗಳಿಗಿಂತ ಬಹಳ ಕೆಳಗಿತ್ತು. ಹೀಗೆ ಅನುತ್ತೀರ್ಣನಾದ ವಿದ್ಯಾರ್ಥಿ ಶುಲ್ಕವನ್ನೂ ವರ್ಷಗಳನ್ನೂ ಕಳೆದುಕೊಂಡಿರುತ್ತಾನೆ; ಅರೆಬರೆ ಪಾಠ ಮಾಡಿದ ಕಾಲೇಜು ಮರುವರ್ಷವೂ ಪ್ರವೇಶ ನೀಡುವಂತಾದರೆ ಅದು ಅನ್ಯಾಯ. ಆದ್ದರಿಂದ ಪ್ರತಿ ಸಂಸ್ಥೆಯ ಫಲಿತಾಂಶವನ್ನು ಪ್ರಕಟಿಸಿ, ಸತತವಾಗಿ ಹಿಂದುಳಿದ ವಿಭಾಗಗಳಲ್ಲಿ, ಅವು ಸರ್ಕಾರಿಯಾಗಿರಲಿ ಖಾಸಗಿಯಾಗಿರಲಿ, ಹೊಸ ಪ್ರವೇಶವನ್ನು ತಡೆಯಬೇಕು. ಹಾಗೆ ತಡೆಯುವ ಅಧಿಕಾರ ಶಿಕ್ಷಣ ಸಚಿವಾಲಯದ ಅಂಕೆಯಲ್ಲಿರದ ಪ್ರಾಧಿಕಾರದ ಕೈಯಲ್ಲಿರಬೇಕು.

ಪ್ರಶ್ನೆ: ನಮ್ಮ ದೇಶದ ಅನೇಕ ಅಧ್ಯಾಪಕರು ಅಲ್ಲಿ ಕೆಲಸ ಮಾಡಿದ್ದಾರೆ. ಅದರಿಂದ ಪ್ರಯೋಜನವಾಯಿತೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಆಯಿತು. ಹೊಸ ವಿಶ್ವವಿದ್ಯಾಲಯಗಳ ಹಲವು ವಿಭಾಗಗಳಲ್ಲಿ ಗುತ್ತಿಗೆಯ ಮೇಲೆ ಬಂದ ಭಾರತೀಯರು ಪಾಠ ಮಾಡಿದರು. ಆದರೆ ಗುತ್ತಿಗೆ ಮುಗಿದೊಡನೆ ಅವರು ಹಿಂದಿರುಗುವವರು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಪಡೆದು ತಾಯ್ನಾಡಿಗೆ ಮರಳಿದ ಇಥಿಯೋಪಿಯದ ಅಧ್ಯಾಪಕರಿಂದ ಆಗುವ ಉಪಕಾರ ಇದಕ್ಕಿಂತ ದೀರ್ಘಕಾಲದ್ದು, ಅವರಿಗೆ ಬದುಕಲು ಸಾಕಾಗುವಷ್ಟು ಸಂಬಳ ಮತ್ತು ಸಂಶೋಧನೆಗೆ ಬಿಡುವು ಅಲ್ಲಿ ದೊರೆಯುವುದಾದರೆ.