ಹಿತ್ತಿಲ ಪ್ರಶ್ನೋತ್ತರ: ಬೈಹುಲ್ಲಿನ ಅಣಬೆಗೆ ಸೆಕೆ ಬೇಕು

ಪ್ರಶ್ನೆ: ನಮ್ಮದು ಪುತ್ತೂರು ಕಡೆ. ಹೋದ ಮಳೆಗಾಲದ ಆಟಿ ತಿಂಗಳಲ್ಲಿ ಹಲಸಿನ ಮರದಡಿ ಬೈಹುಲ್ಲಿನ ಅಣಬೆಗೆ ಹಾಸಿಗೆ ಹಾಕಿದೆ. ಅಣಬೆ ಏಳಲಿಲ್ಲ, ಹುಲ್ಲೇ ಕೊಳೆತು ನಾರಿತು. ‘ಮಳೆಗಾಲವೇ ಅಲ್ಲವಾ ಅಣಬೆಯ ಕಾಲ’ ಎನ್ನುತ್ತಾರೆ ಅತ್ತೆ.

ಉತ್ತರ: ಅತ್ತೆ ಹೇಳುತ್ತಿರುವುದು ಹುತ್ತದ ಅಣಬೆಯ ವಿಷಯ. ಅದನ್ನು ಗೆದ್ದಲು ತನ್ನ ಗೂಡಿನೊಳಗೆ ಸಾಕಿಕೊಳ್ಳುತ್ತದೆ, ನಮ್ಮ ಕೈಗೆ ಬಗ್ಗುವುದಿಲ್ಲ. ಬೈಹುಲ್ಲಿನದು ಬೇರೆಯೇ ಜಾತಿ, ಅದಕ್ಕೆ 30ರಿಂದ 35 ಡಿಗ್ರಿ ಸೆಕೆ ಬೇಕು. ನಾವು ಉಸ್ಸಪ್ಪಾ ಎಂದು ಬೆವರೊರೆಸಿಕೊಳ್ಳುವ ಮಾರ್ಚ್, ಏಪ್ರಿಲ್ ತಿಂಗಳೇ ಅದಕ್ಕೆ ಹಿತ. ಹಲಸಿನ ನೆರಳಂತೂ ಹೇಳಿ ಮಾಡಿಸಿದ ಜಾಗ.

ಕೈಯಲ್ಲಿ ಬಡಿದ ಹುಲ್ಲೇ ಇರಲಿ. ಯಂತ್ರದಲ್ಲಿ ನುರಿದದ್ದು ಬೇಗ ಮೆತ್ತಗಾಗಿ ಅಮುಕಿಕೊಳ್ಳುತ್ತದೆ. ಸೂಡಿ ಕಟ್ಟಿ ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಓರೆಯಾಗಿ ನಿಲ್ಲಿಸಿ ಬಸಿಯಿರಿ. ಆಮೇಲೆ ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ: ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ, ಅವಸರ ಬೇಡ. ಹುಲ್ಲಿನೊಳಗೆ ನೀರು ನಿಂತರೆ ಗಾಳಿಯಿಲ್ಲದೆ ಅಣಬೆಯ ಬೀಜ (ಬಿತ್ತಲೆಂದು ಬೆಳೆಸಿಟ್ಟ ಅಣಬೆಯ ಬಿಳಿ ಎಳೆಗಳು) ಸಾಯುತ್ತದೆ; ನಿಮ್ಮ ಹಾಸಿಗೆ ನಾರಿದ್ದೂ ಅದಕ್ಕೇ.

ಇಟ್ಟಿಗೆಯ ಮೇಲೆ ಬಿದಿರು ಹಾಸಿ ನಾಲ್ಕೈದು ಸೂಡಿ ಒತ್ತೊತ್ತಾಗಿ ಇಡಿ. ಅಂಚಿನಿಂದ ನಾಲ್ಕು ಬೆರಳು ಒಳಗೆ ಬೀಜ ಉದುರಿಸಿ, ಮೇಲೆ ಚೂರು ಕಡಲೆಹಿಟ್ಟು. ಮುಂದಿನ ಸಾಲು ಅಡ್ಡಡ್ಡ. ಹೀಗೆ ನಾಲ್ಕು ಸಾಲಾದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಒಂದು ವಾರ ಕಳೆದು ಹಾಳೆ ತೆಗೆದು, ಹುಲ್ಲು ಒಣಗದಷ್ಟು ನೀರು ಚಿಮುಕಿಸುತ್ತಾ ಬಂದರೆ ಅಂಗಿ ಗುಂಡಿಯಂಥ ಮೊಗ್ಗುಗಳು ಏಳುತ್ತವೆ. 10 ಕಿಲೋ ಒಣಹುಲ್ಲಿಗೆ ಒಂದು ಕಿಲೋ ಅಣಬೆ ಸಿಕ್ಕರೂ ಲಾಭವೇ.

ಮಳೆಗಾಲದಲ್ಲೇ ಬೇಕೆಂದರೆ ಚಿಪ್ಪಣಬೆ ಹಾಕಿ. ಅದನ್ನು ಬೆಳೆಸುವ ಚೀಲಗಳು ಇರಚಲು ಹೊಡೆಯದ ಸೂರಿನಡಿ ಇರಲಿ. ಬೀಜಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಮುಂಚಿತವಾಗಿ ಕೇಳಿಡಿ.

ಪ್ರಶ್ನೆ: ಹಾಸಿಗೆಯ ಪಕ್ಕ ಬೇರೆ ಬಿಳಿ ಅಣಬೆಯೂ ಎದ್ದಿದೆ. ಬೇಯಿಸುವಾಗ ಬೆಳ್ಳಿ ಚಮಚ ಹಾಕಿ, ಕಪ್ಪಾಗದಿದ್ದರೆ ತಿನ್ನಬಹುದೇ? (ತೀರ್ಥಹಳ್ಳಿ)

ಉತ್ತರ: ಬೇಡ. ಚಮಚಕ್ಕೆ ವಿಷ ಗೊತ್ತಾಗುವುದಿಲ್ಲ. ಕೆಲವು ಅಣಬೆಗಳ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಅದರ ಮೋಸ ನೋಡಿ: ತಿಂದು ಆರು ಗಂಟೆಗೂ ಹೆಚ್ಚು ಹೊತ್ತು ಏನೂ ಆಗದು, ಆಮೇಲೆ ವಾಂತಿ ಭೇದಿ ಶುರುವಾಗಿ ಒಂದಿಷ್ಟು ಇಳಿದಂತೆಯೂ ಕಾಣುತ್ತದೆ, ಅಷ್ಟರಲ್ಲಿ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಅಪ್ಪಿತಪ್ಪಿ ತಿಂದಿದ್ದರೆ ವಾಂತಿಯಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ, ಉಳಿದ ತುಂಡನ್ನೂ ಒಯ್ಯಿರಿ. ಪಕ್ಕದಲ್ಲಿ ಎದ್ದದ್ದನ್ನು ಬುಡಸಹಿತ ಕಿತ್ತು ಹೂತುಬಿಡಿ.

ಪ್ರಶ್ನೆ: ಬೈಹುಲ್ಲಿನ ಅಣಬೆಯನ್ನು ಫ್ರಿಜ್‌ನಲ್ಲಿ ಎಷ್ಟು ದಿನ ಇಡಬಹುದು? (ಕುಂದಾಪುರ)

ಉತ್ತರ: ಇಡಲೇಬೇಡಿ. ಸೆಕೆಯ ಜೀವ, ಥಂಡಿಗೆ ನೀರು ಬಿಟ್ಟು ಕರಗುತ್ತದೆ. ಮೊಟ್ಟೆಯಂತೆ ಮುಚ್ಚಿಕೊಂಡಿರುವಾಗಲೇ ಬೆಳಿಗ್ಗೆ ಕಿತ್ತು, ಮಧ್ಯಾಹ್ನಕ್ಕೆ ಗಸಿ ಮಾಡಿ. ಹೆಚ್ಚಾದರೆ ಸೀಳಿ ಬಿಸಿಲಿಗೆ ಒಣಹಾಕಿ.