ನಮ್ಮ ಉಚ್ಚಾರಣೆ ಇಟ್ಟುಕೊಂಡು ಅಮೆರಿಕದ ಟಿವಿ ನ್ಯೂಸ್‌ನಲ್ಲಿ ಬೆಳೆಯಬಹುದಾ?

ಜರ್ನಲಿಸಂ ಓದಲು ಅಮೆರಿಕಕ್ಕೆ ಹೊರಟಿದ್ದೀರಿ, ಇಂಗ್ಲಿಷ್ ಅಲ್ಲಿಯವರ ಹಾಗೆ ಬರಲ್ಲ, ವಲಸೆ ಹೋದವರು ಯಾರಾದರೂ ಟಿವಿ ನ್ಯೂಸ್‌ನಲ್ಲಿ ದೊಡ್ಡ ಹೆಸರು ಮಾಡಿದ್ದಾರಾ ಅಂತ ಕೇಳಿದ್ದೀರಿ. ನಾನು ಟಿವಿಯಲ್ಲಿ ಕೆಲಸ ಮಾಡಿದವನಲ್ಲ, ಸುದ್ದಿ ನೋಡುವ ಹುಚ್ಚು ಮಾತ್ರ ಜಾಸ್ತಿ. ನನಗೆ ಮೊದಲು ನೆನಪಾಗುವವರು ಹೋರ್ಹೆ ರಾಮೋಸ್.

ಹುಟ್ಟಿದ್ದು 1958ರಲ್ಲಿ, ಮೆಕ್ಸಿಕೋ ಸಿಟಿಯಲ್ಲಿ. ಅಲ್ಲಿನ ಅತಿ ದೊಡ್ಡ ಟಿವಿ ಸಂಸ್ಥೆ ಟೆಲೆವೀಸಾದಲ್ಲಿ ವರದಿಗಾರ ಆಗಿದ್ದರು. ಆಗ ಮೆಕ್ಸಿಕೋದಲ್ಲಿ ದಶಕಗಳಿಂದ ಒಂದೇ ಪಕ್ಷದ ಆಡಳಿತ, ಸರ್ಕಾರವನ್ನು ಟೀಕಿಸಿದ ಇವರ ವರದಿಗೆ ಮೇಲಿನವರು ಕತ್ತರಿ ಹಾಕಿದರು. ಇವರು ರಾಜೀನಾಮೆ ಕೊಟ್ಟು, ಇದ್ದ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಮಾರಿ, 1983ರಲ್ಲಿ ಸ್ಟೂಡೆಂಟ್ ವೀಸಾದಲ್ಲಿ ಲಾಸ್ ಏಂಜಲೀಸ್‌ಗೆ ಬಂದರು. ಓದಿನ ಜೊತೆ ಹೋಟೆಲ್ಲಿನಲ್ಲಿ ವೇಟರ್ ಕೆಲಸ. ಮರುವರ್ಷ ಕೆಮೆಕ್ಸ್ ಅನ್ನುವ ಸ್ಪ್ಯಾನಿಷ್ ಚಾನೆಲ್‌ನಲ್ಲಿ ವರದಿಗಾರ. 28ನೇ ವಯಸ್ಸಿಗೆ, ಮುಂದೆ ಯೂನಿವಿಷನ್ ಅಂತ ಹೆಸರಾದ ರಾಷ್ಟ್ರೀಯ ನೆಟ್‌ವರ್ಕ್‌ನ ಸಂಜೆ ಸುದ್ದಿಯ ಆಂಕರ್! ಆ ಕುರ್ಚಿಯಲ್ಲಿ ಸುಮಾರು 38 ವರ್ಷ ಕೂತರು.

ಇಲ್ಲಿ ಗಮನಿಸಬೇಕಾದ್ದು, ಅವರು ಇಂಗ್ಲಿಷ್ ಚಾನೆಲ್‌ಗಳ ಬಾಗಿಲು ಬಡಿದು ಮೇಲೆ ಬಂದವರಲ್ಲ. ಅವರ ಪ್ರೇಕ್ಷಕರಲ್ಲಿ ಬಹಳಷ್ಟು ಜನ ಅವರ ಹಾಗೆಯೇ ಗಡಿ ದಾಟಿ ಬಂದವರು. 1986ರಲ್ಲಿ ಆಗಿನ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಿಂದ ಕಾಗದಪತ್ರ ಇಲ್ಲದ ಸುಮಾರು 27 ಲಕ್ಷ ಜನರಿಗೆ ಅಲ್ಲೇ ಉಳಿಯುವ ಹಕ್ಕು ಸಿಕ್ಕಿತು, ಅವರಿಗೆಲ್ಲ ಈ ಸುದ್ದಿ ಅಂದರೆ ನಾಳೆ ಯಾವ ಆಫೀಸಿಗೆ ಯಾವ ಕಾಗದ ತಗೊಂಡು ಹೋಗಬೇಕು ಅನ್ನುವ ವಿಷಯ. ಮುಂದೆ ಅವರ ಮಕ್ಕಳು ವೋಟರ್‌ಗಳಾದಾಗ, ಅಧ್ಯಕ್ಷರಾಗುವವರೂ ಇವರ ಸ್ಟುಡಿಯೋಗೆ ಬರಲೇಬೇಕಾಯ್ತು. 2012ರಲ್ಲಿ ಒಬಾಮಾಗೇ ಮುಖದ ಮೇಲೆ ಕೇಳಿದರು: ಮೊದಲ ವರ್ಷದಲ್ಲೇ ವಲಸೆ ಕಾನೂನು ತರ್ತೀನಿ ಅಂತ ಮಾತು ಕೊಟ್ಟಿದ್ರಿ, ಎಲ್ಲಿ?

2015ರ ಆಗಸ್ಟ್‌ನಲ್ಲಿ ಐಯೋವಾದ ಡುಬುಕ್‌ನಲ್ಲಿ ನಡೆದದ್ದನ್ನು ನೀವೂ ನೋಡಿರಬಹುದು. ಆಗಿನ್ನೂ ಅಧ್ಯಕ್ಷ ಚುನಾವಣೆಗೆ ಪ್ರಚಾರ ಮಾಡುತ್ತಿದ್ದ ಟ್ರಂಪ್ ಪತ್ರಿಕಾಗೋಷ್ಠಿಯಲ್ಲಿ ರಾಮೋಸ್ ಸರದಿ ಕಾಯದೆ ಎದ್ದು ನಿಂತು ಪ್ರಶ್ನೆ ಹಾಕಿದರು, ಭದ್ರತೆಯವನು ಹೊರಗೆ ತಳ್ಳಿದ. ಕಾರಿಡಾರಿನಲ್ಲಿ ಒಬ್ಬ ನನ್ನ ದೇಶ ಬಿಟ್ಟು ತೊಲಗು ಅಂದ. ಅಷ್ಟರಲ್ಲಾಗಲೇ ರಾಮೋಸ್ ಅಮೆರಿಕದ ಪ್ರಜೆ! ಆಮೇಲೆ ಒಳಗೆ ಬಿಟ್ಟರು, ವಾದ ಮುಂದುವರಿಯಿತು. ಇದು ಪತ್ರಿಕೋದ್ಯಮವೋ ಹೋರಾಟವೋ ಅಂತ ಕೇಳಿದವರು ಬೇಕಾದಷ್ಟು ಜನ. ಮಗಳು ಪಾವೊಲಾ ಆಗ ಹಿಲರಿ ಕ್ಲಿಂಟನ್ ಪ್ರಚಾರ ತಂಡದಲ್ಲಿದ್ದರು. ರಾಮೋಸ್ ಅದನ್ನು ಮೊದಲೇ ಹೇಳಿಕೊಂಡಿದ್ದರು, ಆದರೂ ಅನುಮಾನ ಸಹಜವೇ. ನನಗೆ ಅವರು ಪಕ್ಷಪಾತಿ ಅನ್ನಿಸಲ್ಲ, ಯಾಕೆಂದರೆ ಎಡಗಡೆಯವರನ್ನೂ ಬಿಟ್ಟಿಲ್ಲ. 2019ರಲ್ಲಿ ವೆನೆಜುವೆಲಾದ ಆಗಿನ ಎಡಪಂಥೀಯ ಅಧ್ಯಕ್ಷ ಮಡುರೊಗೆ, ಕಸದ ಲಾರಿಯಿಂದ ಆಯ್ದು ತಿನ್ನುತ್ತಿದ್ದ ಹುಡುಗರ ವಿಡಿಯೋ ತೋರಿಸಿದರು. ಮಡುರೊ ಎದ್ದು ಹೋದರು, ಇಡೀ ತಂಡವನ್ನು ಕೂಡಿಹಾಕಿ, ಕ್ಯಾಮೆರಾ ಕಿತ್ತುಕೊಂಡು, ಮರುದಿನ ದೇಶದಿಂದಲೇ ಹೊರಹಾಕಿದರು.

ತಮಾಷೆ ನೋಡಿ, 2022ರಲ್ಲಿ ಅದೇ ಟೆಲೆವೀಸಾದ ಟಿವಿ ವಿಭಾಗ ಯೂನಿವಿಷನ್ ಜೊತೆ ಸೇರಿ ಒಂದೇ ಕಂಪನಿ ಆಯ್ತು. ಮರುವರ್ಷ ಅಲ್ಲಿ ಪ್ರಸಾರವಾದ ಟ್ರಂಪ್ ಸಂದರ್ಶನ ತೀರಾ ಮೆದು ಅಂತ ಟೀಕೆ ಬಂದಾಗ, ಟ್ರಂಪ್‌ಗೆ ಎದುರು ಪ್ರಶ್ನೆ ಹಾಕದಿರುವುದು ಅಪಾಯ ಅಂತ ರಾಮೋಸ್ ಅಂಕಣ ಬರೆದರು. 2024ರ ಡಿಸೆಂಬರ್‌ನಲ್ಲಿ ಚಾನೆಲ್ ಬಿಟ್ಟರು.

ಈಗ ನಿಮ್ಮ ವಿಷಯ. ಈ ದಾರಿ ನಮಗೆ ಹಾಗೇ ಸಿಗಲ್ಲ. ಅಮೆರಿಕದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವವರು 4 ಕೋಟಿಗೂ ಜಾಸ್ತಿ, ಅಲ್ಲಿ ಇರುವ ಕನ್ನಡಿಗರನ್ನು ನಂಬಿ ಯಾರೂ ಅಂಥ ನೆಟ್‌ವರ್ಕ್ ನಡೆಸಲಾರರು. ಹಾಗಾಗಿ ನೀವು ಇಂಗ್ಲಿಷ್ ಚಾನೆಲ್‌ಗೇ ಹೋಗಬೇಕು, ಅಲ್ಲಿ ಉಚ್ಚಾರಣೆಗಿಂತ ದೊಡ್ಡ ತಲೆನೋವು ವೀಸಾ. ಓದು ಮುಗಿದ ಮೇಲೆ ಕೆಲಸಕ್ಕೆ ಸಾಮಾನ್ಯವಾಗಿ 12 ತಿಂಗಳು ಅವಕಾಶ, ಎಂಜಿನಿಯರಿಂಗ್‌ನವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಹೆಚ್ಚಿನ ಜರ್ನಲಿಸಂ ಕೋರ್ಸ್‌ಗಳಿಗೆ ಇಲ್ಲ. ಆ 12 ತಿಂಗಳಲ್ಲಿ ವೀಸಾ ಮಾಡಿಸಿಕೊಡುವ ಚಾನೆಲ್ ಹುಡುಕಬೇಕು. ಫೀಸ್ ಕಟ್ಟುವ ಮೊದಲು, ಹಿಂದಿನ ಬ್ಯಾಚ್‌ಗಳ ಭಾರತೀಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಹಾಗೆ ಕೆಲಸ ಸಿಕ್ಕಿದೆ ಅಂತ ಕಾಲೇಜಿನವರನ್ನೇ ಈಮೇಲ್‌ನಲ್ಲಿ ಕೇಳಿ.